ತುಟಿಗೆ ತಾಗಿಸಿದ ಗಂಜಿ

ನನ್ನ ಮಗ ಬಚ್ಚಪ್ಪ ತೀರಿಕೊಂಡದ್ದು ಗಣಿಯ ಧೂಳಿನಿಂದಲ್ಲ, ಜ್ವರದಿಂದ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸ ಮಾಡಿದ ಅವನ ಎದೆಯಲ್ಲಿ ಧೂಳು ಬಹಳ ವರ್ಷಗಳಿಂದ ಕೂತಿತ್ತು. ಅಂಗಳ ದಾಟುವಷ್ಟರಲ್ಲಿ ಏದುಸಿರು ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದ. ಆದರೂ ಆ ಧೂಳಿನ ಜೊತೆಗೇ ಇನ್ನೂ ಕೆಲವು ವರ್ಷ ಬದುಕಿರಬಹುದಿತ್ತು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಎಂಬತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಬಂದ ಶೀತಜ್ವರ ವಾರ ತುಂಬುವುದರೊಳಗೆ ಅವನನ್ನು ಕರೆದುಕೊಂಡು ಹೋಯಿತು. ಅವನಿಗೂ ನಮಗೂ ಇದ್ದ ಋಣ ಅಷ್ಟೇ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದನ್ನು ದಿನವೂ ಬೆಳಗಿನ ಪೂಜೆಯ ಹೊತ್ತಿಗೆ ಹೊಸದಾಗಿ ಕಲಿಯಬೇಕಾಗುತ್ತಿತ್ತು.

ಅವನು ಮಲಗಿದ್ದುದು ಊರಿಗಾಂ ಸ್ಟೇಷನ್ನಿಗೆ ಹತ್ತಿರದ ಒಂದು ಧರ್ಮಾಸ್ಪತ್ರೆಯಲ್ಲಿ. ಗಣಿಯಿಂದ ನಿವೃತ್ತರಾಗಿ, ಎದೆ ಕೆಟ್ಟು, ನೋಡಿಕೊಳ್ಳುವವರಿಲ್ಲದ ಗಂಡಸರಿಗೆಂದು ಅಲ್ಲಿ ಒಂದು ಉದ್ದನೆಯ ವಾರ್ಡು ಇತ್ತು. ಧೂಳಿನ ವಾರ್ಡು ಎಂದೇ ಅದನ್ನು ಕರೆಯುತ್ತಿದ್ದರು. ಬಚ್ಚಪ್ಪನ ಹೆಂಡತಿ ಮೊದಲೇ ಹೋಗಿದ್ದಳು, ಮಕ್ಕಳಿರಲಿಲ್ಲ. ನನ್ನ ಹೆಂಡತಿ ನರಸಮ್ಮನಿಗೆ ಮಂಡಿ ನೋವು, ರೈಲು ಹತ್ತಲಾರಳು. ನಾನೊಬ್ಬನೇ ಬಂಗಾರಪೇಟೆಯಿಂದ ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ ಹೋಗಿ ಬರುತ್ತಿದ್ದೆ. ಪ್ರೈಮರಿ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಸುಮ್ಮನೆ ಕೂರಲಾರದೆ ಮಗನ ಮಗ್ಗುಲಲ್ಲಿ ಪುರಾಣ ಓದತೊಡಗಿದೆ. ಅಕ್ಕಪಕ್ಕದ ಹಾಸಿಗೆಯವರು ಕಿವಿಗೊಟ್ಟರು. ಆಮೇಲೆ ದಿನವೂ ಓದಲೇಬೇಕಾಯಿತು. ಮಗ ಹೋದ ಮೇಲೂ, ಕರ್ಮಗಳೆಲ್ಲ ಮುಗಿದ ಮೇಲೆ, ನಾನು ಆ ವಾರ್ಡಿಗೆ ಹೋಗುವುದನ್ನು ಬಿಡಲಿಲ್ಲ. ಬಚ್ಚಪ್ಪನ ಪಕ್ಕದ ಹಾಸಿಗೆಯ ಸೀನಪ್ಪ, "ಮೇಷ್ಟ್ರೇ, ಕತೆ ಅರ್ಧಕ್ಕೆ ನಿಂತದೆ, ನಾನು ಸಾಯೋದ್ರೊಳಗೆ ಮುಗಿಸಿಬಿಡಿ" ಎಂದು ಹೇಳಿ ಕಳಿಸಿದ್ದ.

ಆ ವಾರ್ಡಿನ ಹಿರಿಯ ಆಯಾ ಮುತ್ಯಾಲಮ್ಮ. ನಂದಿದುರ್ಗದ ಗಣಿ ಕಾರ್ಮಿಕರ ಲೈನಿನವಳು, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಗಣಿಯೊಳಗೇ ಸತ್ತಿದ್ದ. ರೋಗಿಗಳಿಗೆ ಗಂಜಿ ತಿನ್ನಿಸುವುದರಲ್ಲಿ ಅವಳದೊಂದು ಕ್ರಮವಿತ್ತು. ಎದೆ ಕೆಟ್ಟವರಿಗೆ ಬಿಸಿ ಹೆಚ್ಚಾದರೆ ಕೆಮ್ಮು ಹತ್ತುತ್ತದೆ, ಆರಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಪ್ರತಿ ಚಮಚವನ್ನೂ ಅವಳು ಮೊದಲು ತನ್ನ ತುಟಿಗೆ ತಾಗಿಸಿ, ಊದಿ, ಹದ ನೋಡಿ ಆಮೇಲೆ ರೋಗಿಯ ಬಾಯಿಗೆ ಇಡುತ್ತಿದ್ದಳು. ಕೂಸಿಗೆ ತಾಯಿ ಮಾಡುವ ಹಾಗೆ. ಬೇರೆ ಆಯಾಗಳೂ ಅವಳನ್ನು ನೋಡಿ ಹಾಗೆಯೇ ಕಲಿತಿದ್ದರು. ಎಂಜಲು ಎಂಬ ಮಾತು ನಮ್ಮ ಮನೆಗಳಲ್ಲಿ ದೊಡ್ಡದು. ಆದರೆ ಬಚ್ಚಪ್ಪ ಅವಳ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಅವನು ಉಂಡರೆ ಸಾಕಾಗಿತ್ತು ನನಗೆ.

ಮರುವರ್ಷ ಮಳೆ ಹಿಡಿಯುವುದಕ್ಕೆ ಮುಂಚೆ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಮಂಗಳೂರು ಕಡೆಯವರು, ಮಾತು ಕಡಿಮೆ.

"ಮೇಷ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಶೀತಜ್ವರಕ್ಕೆ ಲಸಿಕೆ ತರಿಸಿದ್ದೇನೆ. ಬಹಳ ಕಷ್ಟಪಟ್ಟು ತರಿಸಿದ್ದು. ಮಳೆ ಜೋರಾಗುವುದಕ್ಕೆ ಮೊದಲು ವಾರ್ಡಿನಲ್ಲಿ ಕೆಲಸ ಮಾಡುವವರೆಲ್ಲ ಹಾಕಿಸಿಕೊಳ್ಳಬೇಕು. ಒಬ್ಬರೂ ಒಪ್ಪುತ್ತಿಲ್ಲ."

"ಕಾಯಿಲೆಯವರಿಗೆ ಹಾಕುವುದಲ್ಲವೇ ಅಮ್ಮಾ?"

"ಅವರಿಗೂ ಹಾಕುತ್ತೇನೆ. ಆದರೆ ಅಷ್ಟು ಸೋತ ಮೈಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅವರ ಹತ್ತಿರ ಹೋಗುವವರು ಗಟ್ಟಿಯಾಗಿದ್ದರೆ ಅವರಿಗೆ ಕಾವಲು." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಮತ್ತೆ ಹೇಳಿದರು. "ಹೋದ ವರ್ಷ ಆ ಜ್ವರ ವಾರ್ಡಿಗೆ ಹೇಗೆ ಬಂತು, ಯೋಚಿಸಿದ್ದೀರಾ? ಮಲಗಿದವರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹೊರಗಿನಿಂದ ಯಾರೋ ತಂದರು. ಹಾಸಿಗೆಯಿಂದ ಹಾಸಿಗೆಗೆ ಯಾರೋ ದಾಟಿಸಿದರು."

ನನ್ನ ಕಣ್ಣ ಮುಂದೆ ಮುತ್ಯಾಲಮ್ಮ ಬಂದಳು. ಹೋದ ವರ್ಷ ಆ ದಿನಗಳಲ್ಲಿ ಅವಳು ತಲೆಗೆ ಬಟ್ಟೆ ಬಿಗಿದುಕೊಂಡಿದ್ದಳು. ಮೂಗು ಕಟ್ಟಿ ದನಿ ಒಡೆದಿತ್ತು. ಬಾಯಲ್ಲಿ ಮೆಣಸಿನ ಕಾಳು ಅಗಿಯುತ್ತ, "ಏನಿಲ್ಲ ಸಾಮಿ, ಗಾಳಿ ಶೀತ" ಎನ್ನುತ್ತ ಬಚ್ಚಪ್ಪನ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು ಗಂಜಿ ತಿನ್ನಿಸುತ್ತಿದ್ದಳು. ಪ್ರತಿ ಚಮಚವನ್ನೂ ತುಟಿಗೆ ತಾಗಿಸಿ.

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಡಾಕ್ಟರಮ್ಮ ನನ್ನ ಮುಖ ನೋಡಿ, ನನಗೆ ಅರ್ಥವಾಯಿತೆಂದು ತಿಳಿದುಕೊಂಡರು.

"ಸೋಮವಾರ ಎಲ್ಲರನ್ನೂ ಸೇರಿಸುತ್ತೇನೆ. ಆಗಲೂ ಒಪ್ಪದಿದ್ದರೆ ಇದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ."

"ಅವಳ ಹೆಸರು ಹಿಡಿದು ಹೇಳಬೇಡಿ ಅಮ್ಮಾ. ಆ ಹೆಂಗಸು ಅದನ್ನು ತಾಳುವುದಿಲ್ಲ."

"ಹೇಳಲು ನನಗೇನು ಇಷ್ಟವೇ? ನೀವು ಒಪ್ಪಿಸಿ. ಮುತ್ಯಾಲಮ್ಮ ಒಪ್ಪಿದರೆ ಉಳಿದವರು ತಾವಾಗಿ ಬರುತ್ತಾರೆ."

ಮಧ್ಯಾಹ್ನ ಊಟವಾದ ಮೇಲೆ ಆಯಾಗಳೂ ವಾರ್ಡ್ ಬಾಯ್ ಪೆರುಮಾಳನೂ ಹಿಂದಿನ ವರಾಂಡದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ವಾರ್ಡ್ ಬಾಯ್ ಎಂದರೂ ಪೆರುಮಾಳ್‌ಗೆ ತಲೆ ನರೆತಿತ್ತು. ಅಲ್ಲಿಂದ, ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ಸಯನೈಡ್ ದಿಬ್ಬ ಕಾಣುತ್ತದೆ. ಗಾಳಿ ಎದ್ದರೆ ಅದರ ಬಿಳಿ ಪುಡಿ ವರಾಂಡದವರೆಗೆ ಹಾರಿ ಬರುತ್ತದೆ. ನಾನೂ ಹೋಗಿ ಮೆಟ್ಟಿಲ ಮೇಲೆ ಕೂತೆ.

"ಬನ್ನಿ ಮೇಷ್ಟ್ರೇ," ಎಂದ ಪೆರುಮಾಳ್. "ಸೂಜಿ ಪುರಾಣ ಓದಕ್ಕೆ ಬಂದ್ರಾ? ಡಾಕ್ಟರಮ್ಮ ನಿಮ್ಮನ್ನ ಒಳಗೆ ಕರ್ದಾಗಲೇ ಅನ್ಕೊಂಡೆ."

"ಹೌದಪ್ಪ, ಅದಕ್ಕೇ ಬಂದೆ."

"ಎಮರ್ಜೆನ್ಸೀಲಿ ಮಕ್ಕಳಾಗದಂಗೆ ಆಪರೇಷನ್ ಮಾಡ್ತಿದ್ದ ಕಾಲದಲ್ಲಿ ಇಂಗೇ ಸಾಮಿ, ಒಂದು ಸೂಜಿ ಅಷ್ಟೇ ಅಂತ ನಮ್ಮ ಮಾವನ್ನ ಜೀಪಲ್ಲಿ ಕರ್ಕೊಂಡೋದ್ರು. ಬರೋವಾಗ ಒಂದು ಕೊಡ ಇಡ್ಕೊಂಡು ಬಂದ. ಕೊಡ ಇನ್ನೂ ಅದೆ, ಮಕ್ಕಳಿಲ್ಲ."

"ನಿಂಗ್ಯಾಕ್ಲಾ ಆ ಭಯ?" ಎಂದಳು ಮುತ್ಯಾಲಮ್ಮ. "ಮನೆ ತುಂಬಾ ಮಕ್ಕಳು ಮಡ್ಗಿದ್ದೀಯ. ನಿನ್ನ ಹೆಂಡ್ತಿ ಕೇಳಿದ್ರೆ ತಾನೇ ಬಂದು ಡಾಕ್ಟರಮ್ಮನ ಕಾಲಿಗೆ ಬೀಳ್ತಾಳೆ, ಎರಡು ಸೂಜಿ ಆಕಿ ಅಂತ."

ಎಲ್ಲರೂ ನಕ್ಕರು. ಪೆರುಮಾಳ್ ತಮಿಳಿನಲ್ಲಿ ಏನೋ ಬೈದು ತಾನೂ ನಕ್ಕ. ನಾನು ನಗು ನಿಲ್ಲುವವರೆಗೆ ಕಾದು, ಡಾಕ್ಟರಮ್ಮ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳಿದೆ. ಒಂದು ದಿನ ತೋಳು ನೋಯಬಹುದು, ಅಷ್ಟೆ. ಮಳೆಗಾಲಕ್ಕೆ ಸಾಕಾಗುತ್ತದೆ. ಮುಂದಿನ ವರ್ಷ ಮತ್ತೆ ಹಾಕಿಸಿಕೊಳ್ಳಬೇಕಾಗುತ್ತದೆ.

"ತೋಳು ನೋಯ್ತದೆ ಅಂದ್ರಲ್ಲ, ಅದೇ ಸಾಮಿ," ಎಂದಳು ಮುತ್ಯಾಲಮ್ಮ. "ಕಾಲರಾ ಸೂಜಿ ಆಕಿಸ್ಕೊಂಡಾಗ ನಂಗೆ ಕೈ ಎತ್ತಾಕಾಗ್ಲಿಲ್ಲ. ಸೀನಪ್ಪನ್ನ ಎತ್ತಿ ಕೂರಿಸೋರು ಯಾರು? ಇವ್ನಾ?" ಎಂದು ಪೆರುಮಾಳನ ಕಡೆ ಗಲ್ಲ ತಿರುಗಿಸಿದಳು. "ಇವ್ನು ಎತ್ತಿದ್ರೆ ಅಕ್ಕಿ ಮೂಟೆ ಎತ್ತಿದಂಗೆ ಎತ್ತಿ ಆಕ್ತಾನೆ."

"ಒಂದು ದಿನದ ಮಾತು ಕಣಮ್ಮಾ."

"ನಂಗೆ ಬೇಕಿಲ್ಲ ಮೇಷ್ಟ್ರೇ. ಕಾಯಿಲೆ ಮಧ್ಯದಲ್ಲೇ ಇರೋರು ನಾವು. ನಮ್ಮ ಗಂಗಮ್ಮ ತಾಯಿ ನನ್ನ ಇಷ್ಟು ವರ್ಷ ಮಲಗಿಸಿಲ್ಲ. ಓದ ವರ್ಷ ನೆನಪಿಲ್ವಾ ನಿಮ್ಗೆ? ಎಷ್ಟು ಶೀತ ಆಗಿತ್ತು ನಂಗೆ, ಕಣ್ಣು ಬಿಡಕ್ಕಾಗ್ತಿರಲಿಲ್ಲ. ಒಂದು ದಿನ ರಜಾ ಆಕಿದ್ನಾ? ನಾನು ಬರ್ದಿದ್ರೆ ನಿಮ್ಮ ಮಗ ಉಪವಾಸ ಮಲ್ಕೊಂತಿದ್ದ. ನೀವೇ ಏಳಿ ಇವರಿಗೆ."

ಎಲ್ಲರೂ ನನ್ನ ಮುಖ ನೋಡಿದರು. ಅವಳ ಮುಖದಲ್ಲಿ ಹೆಮ್ಮೆ ಇತ್ತು, ಅದಕ್ಕೆ ಅವಳು ಯೋಗ್ಯಳೂ ಆಗಿದ್ದಳು. ನಾನು "ಹೌದಮ್ಮ, ನೀನು ಬಂದಿದ್ದೆ" ಎಂದೆ. ಅಲ್ಲಿಗೆ ಮಾತು ಮುಗಿದುಹೋಯಿತು.

ಮನೆಗೆ ಬಂದು ನರಸಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳಿಂದ ಏನನ್ನೂ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಅವಳು ಹುರುಳಿ ಆರಿಸುತ್ತಿದ್ದಳು. ಕೈ ನಿಂತಿತು, ಮತ್ತೆ ಆಡಿತು.

"ಈಗ ಅವಳಿಗೆ ಏಳಿದ್ರೆ ನನ್ನ ಮಗ ಎದ್ದು ಬತ್ತಾನಾ?" ಎಂದು ಕೇಳಿದಳು.

"ಇಲ್ಲ. ಹೇಳದಿದ್ದರೆ ಸೀನಪ್ಪನೂ ಹೋಗುತ್ತಾನೆ. ಅವನ ಹಾಗೆ ಇನ್ನೂ ಎಷ್ಟೋ ಜನ ಮಲಗಿದ್ದಾರೆ."

ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ದೇವರ ಮುಂದೆ ದೀಪ ಹಚ್ಚಿದಳು. ಅಂದು ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ.

ಸೋಮವಾರ ಬೇಗನೆ ಹೊರಟೆ. ದಾರಿಯುದ್ದಕ್ಕೂ ದೇವರನ್ನು ಒಂದೇ ಕೇಳಿಕೊಂಡೆ: ಸುಳ್ಳು ಹೇಳಿಸಬೇಡ, ನಿಜದಿಂದ ಅವಳನ್ನು ಕೊಲ್ಲಿಸಬೇಡ. ವಾರ್ಡಿಗೆ ಹೋದಾಗ ಮುತ್ಯಾಲಮ್ಮ ಸೀನಪ್ಪನನ್ನು ದಿಂಬಿಗೆ ಒರಗಿಸಿ ಗಂಜಿ ತಿನ್ನಿಸುತ್ತಿದ್ದಳು. ಹೊರಗೆ ಮೋಡ ಕವಿದಿತ್ತು. ಅವಳು ಸಣ್ಣಗೆ ಕೆಮ್ಮಿದಳು. ಚಮಚ ತುಂಬಿ ತುಟಿಯ ಹತ್ತಿರ ತಂದಳು. ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವುದಕ್ಕೆ ಮೊದಲೇ ನನ್ನ ಕೈ ಹೋಗಿ ಅವಳ ಮುಂಗೈ ಹಿಡಿಯಿತು.

ಗಂಜಿ ಹೊದಿಕೆಯ ಮೇಲೆ ಚೆಲ್ಲಿತು. ಅವಳು ಮೊದಲು ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ.

"ಎಂಜಲಾ ಮೇಷ್ಟ್ರೇ?"

ನಾನು ಅವಳ ಮುಂಗೈ ಬಿಟ್ಟೆ.

"ನಿಮ್ಮ ಮಗ ಉಣ್ಣೋವಾಗ ಎಂಜಲಿರಲಿಲ್ಲ. ಈಗ ಬಂತಾ? ಬೇರೆ ಯಾರಾದ್ರೂ ಇಂಗೆ ಮಾಡಿದ್ರೆ ಅವರ ಬುದ್ಧಿ ಅಷ್ಟೇ ಅಂತಿದ್ದೆ. ನೀವು ಅಂಗಲ್ಲ ಅನ್ಕೊಂಡಿದ್ದೆ." ಬಟ್ಟಲನ್ನು ನನ್ನ ಕಡೆ ಚಾಚಿದಳು. "ತಗೊಳ್ಳಿ. ಮಡಿ ಕೈಯಿಂದ ನೀವೇ ತಿನ್ನಿಸಿ."

ಸೀನಪ್ಪ, "ಲೇ ಮುತ್ಯಾಲಿ, ಬಿಡೇ. ಮೇಷ್ಟ್ರು ಅಂತೋರಲ್ಲ" ಎಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಉಸಿರು ಕಟ್ಟಿತು.

ಒಂದು ಕ್ಷಣ ನನ್ನ ಮನಸ್ಸು ಅತ್ತ ವಾಲಿತು. ಹೌದು, ಎಂಜಲೇ ಎಂದುಬಿಟ್ಟರೆ? ಅವಳು ಇನ್ನೆಂದೂ ಚಮಚವನ್ನು ತುಟಿಗೆ ತಾಗಿಸಳು. ನನ್ನನ್ನು ಕೀಳೆಂದು ತಿಳಿದುಕೊಂಡು ಬದುಕುತ್ತಾಳೆ, ತನ್ನನ್ನಲ್ಲ. ಆದರೆ ಕೆಮ್ಮಿದಾಗಲೂ ಕೆಲಸಕ್ಕೆ ಬರುತ್ತಾಳೆ, ಸೂಜಿಯ ಹತ್ತಿರ ಸುಳಿಯುವುದಿಲ್ಲ. ಸೀನಪ್ಪನ ಪಕ್ಕೆಲುಬುಗಳು ಏಳುವುದನ್ನೂ ಬೀಳುವುದನ್ನೂ ನೋಡಿದೆ.

"ಎಂಜಲಲ್ಲ ತಾಯಿ," ಎಂದೆ. "ಉಸಿರು. ನಮ್ಮ ಉಸಿರು, ನಮ್ಮ ಬಾಯಿಯ ತೇವ. ನಮಗೆ ಬರೀ ನೆಗಡಿಯಾದದ್ದು ಇವರ ಎದೆಗೆ ಹೋದರೆ ಸಾವು. ಡಾಕ್ಟರಮ್ಮ ಹೇಳುತ್ತಿರುವುದು ಅದನ್ನೇ. ಸೂಜಿ ನಮ್ಮನ್ನು ಉಳಿಸುವುದಕ್ಕಲ್ಲ, ಇವರನ್ನು ಉಳಿಸುವುದಕ್ಕೆ."

ಅವಳು ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬಹಳ ಹೊತ್ತು ಅದನ್ನೇ ನೋಡಿದಳು. ಅವಳ ಕೋಪ ಹೋಗುವುದನ್ನು ನಾನು ಕಂಡೆ. ಅದು ಹೋದ ಜಾಗಕ್ಕೆ ಬಂದದ್ದನ್ನೂ ಕಂಡೆ. ಕೋಪವೇ ಉಳಿದಿದ್ದರೆ ಚೆನ್ನಾಗಿತ್ತು.

"ಓದ ವರ್ಷ ನಂಗೆ ಶೀತ ಇತ್ತು," ಎಂದಳು, ಮೆಲ್ಲಗೆ. "ಮೇಷ್ಟ್ರೇ. ನನ್ನಿಂದಾನಾ?"

"ಗೊತ್ತಿಲ್ಲಮ್ಮ."

"ಸುಳ್ಳು ಏಳಬೇಡಿ. ನೀವು ಸುಳ್ಳು ಏಳೋರಲ್ಲ."

"ಸುಳ್ಳಲ್ಲ. ನಿನ್ನಿಂದ ಇರಬಹುದು. ಪೆರುಮಾಳನಿಂದ ಇರಬಹುದು. ನನ್ನಿಂದಲೂ ಇರಬಹುದು. ದಿನವೂ ರೈಲಿನಲ್ಲಿ ಜನರ ನಡುವೆ ಕೂತು ಬಂದು, ಅವನ ಮುಖದ ಹತ್ತಿರ ಮುಖವಿಟ್ಟು ಓದುತ್ತಿದ್ದವನು ನಾನು. ದೇವರೊಬ್ಬನಿಗೆ ಗೊತ್ತು, ಅವನು ನನಗೆ ಹೇಳಿಲ್ಲ. ನನಗೂ ಆ ಸೂಜಿ ಹಾಕಿ ಎಂದು ಡಾಕ್ಟರಮ್ಮನನ್ನು ಕೇಳುತ್ತೇನೆ. ಹಾಕಿಸಿಕೊಳ್ಳದೆ ಇನ್ನು ಈ ವಾರ್ಡಿಗೆ ಕಾಲಿಡುವುದಿಲ್ಲ."

ಅವಳು ಅಳಲಿಲ್ಲ. ಸೆರಗಿನಿಂದ ಹೊದಿಕೆಯ ಮೇಲಿನ ಗಂಜಿ ಒರೆಸಿದಳು. ಉಳಿದ ಗಂಜಿಯಲ್ಲಿ ಚಮಚ ಅದ್ದಿ, ಒಂದು ಹನಿಯನ್ನು ತನ್ನ ಮುಂಗೈಯ ಮೇಲೆ ಬಿಟ್ಟುಕೊಂಡು ಬಿಸಿ ನೋಡಿದಳು. ಮುಖವನ್ನು ಆಚೆ ತಿರುಗಿಸಿಕೊಂಡೇ ಸೀನಪ್ಪನಿಗೆ ಪೂರ್ತಿ ತಿನ್ನಿಸಿದಳು. ಬಾಯಿ ಒರೆಸಿದಳು. ಬಟ್ಟಲು ತೊಳೆದಿಟ್ಟಳು. ಆಮೇಲೆ ಯಾರನ್ನೂ ಕರೆಯದೆ ಡಾಕ್ಟರಮ್ಮನ ಕೋಣೆಗೆ ನಡೆದಳು.

ಬಾಗಿಲ ಬಳಿ ನಿಂತಿದ್ದ ಪೆರುಮಾಳ್, "ಏನಕ್ಕಾ, ನೀನೂ ಆಪರೇಷನ್ನಾ?" ಎಂದ. ಅವಳು ತಿರುಗಿ ನೋಡಲಿಲ್ಲ. ಅವಳ ಮುಖ ಕಂಡು ಅವನೂ ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಅಂಗಿಯ ತೋಳು ಮಡಿಸಿಕೊಂಡು ಅವನೂ ಹಿಂದೆ ಹೋದ. ಆಯಾಗಳು ಒಬ್ಬೊಬ್ಬರಾಗಿ ಹೋದರು. ಡಾಕ್ಟರಮ್ಮ ಯಾರಿಗೂ ಭಾಷಣ ಮಾಡಬೇಕಾಗಲಿಲ್ಲ. ಕೊನೆಯಲ್ಲಿ ನಾನು ಕೂತೆ. ಸೂಜಿ ಹಾಕುವಾಗ ಅವರು, "ಹೇಳಿದಿರಾ?" ಎಂದು ಮೆಲ್ಲನೆ ಕೇಳಿದರು. "ಅವಳೇ ಕೇಳಿದಳು" ಎಂದೆ.

ಆ ಮಳೆಗಾಲದಲ್ಲಿ ಲೈನುಗಳಲ್ಲಿ ಮನೆಮನೆಗೂ ಜ್ವರ ಹಬ್ಬಿತು. ವಾರ್ಡಿನಲ್ಲಿ ಒಬ್ಬ ಮುದುಕನಿಗೆ ಬಂತು, ಅವನು ಉಳಿಯಲಿಲ್ಲ. ಉಳಿದವರಿಗೆ ತಾಗಲಿಲ್ಲ. ಸೀನಪ್ಪ ಪುರಾಣದ ಕೊನೆಯವರೆಗೂ ಕೇಳಿ, ಇನ್ನೊಂದು ಶುರು ಮಾಡಿ ಎಂದ. ಮುತ್ಯಾಲಮ್ಮ ಕೆಲಸ ಬಿಡಲಿಲ್ಲ. ಒಮ್ಮೆ ಮೈ ಬೆಚ್ಚಗಾಯಿತೆಂದು ತಾನೇ ರಜಾ ಕೇಳಿ ಮನೆಯಲ್ಲಿ ಉಳಿದಳಂತೆ. ಆದರೆ ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಳು. ನಾನು ಓದಲು ಕೂತರೆ ವಾರ್ಡಿನ ಆ ತುದಿಗೆ ಹೋಗುತ್ತಿದ್ದಳು. ಪೆರುಮಾಳ್ ಎಷ್ಟು ಕೆಣಕಿದರೂ ಮೊದಲಿನ ಹಾಗೆ ತಿರುಗಿಸಿ ಬೈಯುತ್ತಿರಲಿಲ್ಲ. "ಅಕ್ಕ ಬೈಯದೇ ಇದ್ರೆ ವಾರ್ಡೇ ಬೇಜಾರು ಸಾಮಿ" ಎಂದು ಅವನೇ ನನ್ನೊಡನೆ ಹೇಳಿಕೊಂಡ. ಅವಳನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ ಎಂದೇ ನಾನು ತಿಳಿದಿದ್ದೆ.

ಕಾರ್ತಿಕದ ಒಂದು ಭಾನುವಾರ ಮಧ್ಯಾಹ್ನ ಅವಳು ಬಂಗಾರಪೇಟೆಯ ನಮ್ಮ ಮನೆಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಕನಕಾಂಬರ ಇತ್ತು. ಬಾಗಿಲಾಚೆಯೇ ನಿಂತಳು. ನಾನು ಎದ್ದೆ. ಒಳಗಿನಿಂದ ನರಸಮ್ಮ ಕೋಲೂರಿಕೊಂಡು ಬಂದಳು. ಇಬ್ಬರೂ ಅದುವರೆಗೆ ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ನಾನು ಮುತ್ಯಾಲಮ್ಮ, ಅಮ್ಮಾ. ವಾರ್ಡಿನೋಳು."

"ಗೊತ್ತು. ಒಳಗೆ ಬಾ."

"ಇಲ್ಲೇ ಇರ್ತೀನಿ ಅಮ್ಮಾ. ನಿಮ್ಮ ಮುಂದೆ ಒಂದು ಮಾತು..."

"ನಿಂತ್ಕೊಂಡು ಮಾತಾಡಕ್ಕೆ ನನ್ನ ಮಂಡಿ ಆಗಲ್ಲ. ಬಾ ಅಂದೆನಲ್ಲ."

ಮುತ್ಯಾಲಮ್ಮ ಬಂದು ಗೋಡೆಗೆ ಒರಗಿ ಕೂತಳು. ನರಸಮ್ಮ ಎದುರಿಗೆ ಕಾಲು ಚಾಚಿ ಕೂತಳು. ಹೂವಿನ ಎಲೆ ಇಬ್ಬರ ನಡುವೆ ನೆಲದ ಮೇಲಿತ್ತು. ಮುತ್ಯಾಲಮ್ಮ ಆ ಎಲೆಯನ್ನು ನರಸಮ್ಮನ ಕಡೆ ಸರಿಸಿದಳು. "ಅಮ್ಮಾ, ನಾನು ನಿಮ್ಮ ಮಗನ್ನ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ನಾನು ಮೊದಲು ಕೇಳ್ತೀನಿ," ಎಂದಳು ನರಸಮ್ಮ. "ವರ್ಷದಿಂದ ಒಂದು ಮಾತು ಕೇಳಬೇಕಂತ ಕಾದಿದೀನಿ. ಇವರನ್ನ ಕೇಳಿದ್ರೆ ಇವರಿಗೆ ಗೊತ್ತಿಲ್ಲ. ಸಂಜೆ ರೈಲಿಗೆ ಬಂದ್ಬಿಟ್ಟಿದ್ರು. ನೀನೊಬ್ಬಳೇ ಇದ್ದೋಳು."

ಮುತ್ಯಾಲಮ್ಮ ತಲೆ ತಗ್ಗಿಸಿದಳು. ಪೆಟ್ಟು ಬೀಳುವುದಕ್ಕೆ ಕಾಯುವವರ ಹಾಗೆ ಹೆಗಲು ಕುಗ್ಗಿಸಿದಳು.

"ಕೊನೇ ದಿನ ನನ್ನ ಮಗ ಏನುಂಡ?"

ಮುತ್ಯಾಲಮ್ಮ ತಲೆಯೆತ್ತಿದಳು. ಕೇಳಿದ್ದು ಅರ್ಥವಾಗಲಿಲ್ಲವೇನೋ ಎಂಬಂತೆ ಸ್ವಲ್ಪ ಹೊತ್ತು ನೋಡಿದಳು.

"ಅರ್ಧ ಬಟ್ಟಲು ಗಂಜಿ ಅಮ್ಮಾ," ಎಂದಳು. "ಸಾಕು ಅಂದ. ಇನ್ನೊಂದು ಚಮಚ ಕಣಯ್ಯಾ ಅಂದೆ. ಅವರೆಕಾಳು ಸಾರು ಇದ್ರೆ ಉಣ್ತೀನಿ ಅಂದ. ಈ ಮಳೇಲಿ ಅವರೆಕಾಯಿ ಎಲ್ಲಿಂದ ತರ್ಲಿ ಅಂದೆ. ನಮ್ಮವ್ವ ಆದ್ರೆ ಮಾಡಿ ಕೊಡ್ತಿದ್ಳು, ನಿಂಗೆ ಬರಲ್ಲ ಬಿಡು ಅಂದ. ನಕ್ಕ ಅಮ್ಮಾ. ಕೆಮ್ಮು ಬಂದ್ರೂ ನಕ್ಕ."

ಮಗ ಸತ್ತಾಗ ನರಸಮ್ಮ ಜನರ ಮುಂದೆ ಅತ್ತಿದ್ದಳು. ಹಾಗೆ ಅಲ್ಲ ಈಗ ಅತ್ತದ್ದು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಬಹಳ ಹೊತ್ತು. "ಒಣಗಿದ ಅವರೆಕಾಳು ಮನೇಲಿ ಇತ್ತು," ಎಂದಳು. "ಮಡಕೆ ತುಂಬಾ ಇತ್ತು ಕಣಮ್ಮಾ." ಮುತ್ಯಾಲಮ್ಮನಿಗೂ ಅಂದು ಕೊನೆಗೂ ಅಳು ಬಂತು. ನರಸಮ್ಮ ಕೋಲನ್ನು ಬದಿಗಿಟ್ಟು, ನೆಲದ ಮೇಲೆ ಜರುಗಿಕೊಂಡು ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಒರಗಿದಳು.

"ಆಮೇಲೆ?" ಎಂದು ಕೇಳಿದಳು. "ಇನ್ನೇನಂದ?"

ಮುತ್ಯಾಲಮ್ಮ ಹೇಳತೊಡಗಿದಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಅವಳು ಹತ್ತಬೇಕಿದ್ದ ಸಂಜೆಯ ಪ್ಯಾಸೆಂಜರ್ ಕೂಗಿ ಹೊರಟುಹೋದಾಗಲೂ ಒಳಗೆ ಅವಳ ದನಿ ಕೇಳುತ್ತಲೇ ಇತ್ತು.